ಕಾಣದ ಅವಲಂಬನೆ: ಬಹು ಪ್ರಾಜೆಕ್ಟ್ ಬಿಲ್ಡ್ ಕುರಿತ ಒಂದು ಪಾಠ ಮತ್ತು ಅದರ ಪುನರವಲೋಕನ

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ನಾನು ತೆಗೆದುಕೊಂಡ ಪಾಠಗಳಲ್ಲಿ ಪೂರ್ತಿ ಕೆಟ್ಟುಹೋದದ್ದು ಒಂದೇ. ಅದೇ ಪಾಠವನ್ನು ಮುಂದಿನ ಶನಿವಾರ ತಿದ್ದಿ ಮತ್ತೆ ತೆಗೆದುಕೊಂಡೆ. ಈ ಲೇಖನದಲ್ಲಿ ಆ ಎರಡೂ ಪಾಠಗಳ ವಿವರವಿದೆ. ವಿಷಯ ಕಂಪ್ಯೂಟರ್ ವಿಜ್ಞಾನದ್ದು: ಹಲವು ಪ್ರಾಜೆಕ್ಟ್‌ಗಳು ಸೇರಿ ಆಗುವ ತಂತ್ರಾಂಶದಲ್ಲಿ, ನಾವು ಹೆಸರು ಹಿಡಿದು ಕರೆಯದ ಒಂದು ಲೈಬ್ರರಿ ಕಾಣೆಯಾದರೆ ಏನಾಗುತ್ತದೆ, ಅದನ್ನು ಎಲ್ಲಿ ಸರಿಪಡಿಸಬೇಕು ಎಂಬುದು. ಆದರೆ ಪಾಠ ಮುಗಿದ ಮೇಲೆ ನನ್ನಲ್ಲಿ ಉಳಿದ ಪ್ರಶ್ನೆ ಕಂಪ್ಯೂಟರಿಗಷ್ಟೇ ಸೇರಿದ್ದಲ್ಲ. ತಪ್ಪು ಕಾಣಿಸಿಕೊಳ್ಳುವ ಜಾಗ ಒಂದು, ತಪ್ಪು ಇರುವ ಜಾಗ ಇನ್ನೊಂದು ಆದಾಗ, ತರಗತಿಯಲ್ಲಿ ಅದರ ಭಾರ ಯಾರ ಮೇಲೆ ಬೀಳುತ್ತದೆ? ಗಣಿತ, ವಿಜ್ಞಾನ, ಭಾಷೆ ಬೋಧಿಸುವ ಸಹ ಪ್ರಶಿಕ್ಷಣಾರ್ಥಿಗಳಿಗೂ ಇದು ಉಪಯೋಗವಾದೀತು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಪಾಠದ ಹಿನ್ನೆಲೆ

ಸ್ಥಳ ನವಲಗುಂದ ತಾಲ್ಲೂಕಿನ ಒಂದು ಪದವಿಪೂರ್ವ ಕಾಲೇಜು. ಅಲ್ಲಿನ ವಿಜ್ಞಾನ ವಿಭಾಗದ ಹದಿನೆಂಟು ವಿದ್ಯಾರ್ಥಿಗಳಿಗೆ ಶನಿವಾರದ ಹೆಚ್ಚುವರಿ ಅವಧಿಗಳಲ್ಲಿ ಯೋಜನಾ ಕಾರ್ಯ ಮಾಡಿಸುವ ಹೊಣೆ ನನಗೆ ಬಂದಿತ್ತು. ಕ್ಲಾಸು, ಆಬ್ಜೆಕ್ಟು, ಫಂಕ್ಷನ್ನು ಅವರಿಗೆ ಪಠ್ಯದಿಂದ ಗೊತ್ತಿತ್ತು. ಮೊದಲ ಐದು ಅವಧಿಗಳಲ್ಲಿ ಜಾವಾ ಭಾಷೆಯನ್ನು ಪರಿಚಯಿಸಿದ್ದೆ. ಪ್ರಯೋಗಾಲಯದಲ್ಲಿ ಆರು ಕಂಪ್ಯೂಟರ್‌ಗಳಿದ್ದವು, ಅಂತರ್ಜಾಲ ಇರಲಿಲ್ಲ. ಬೇಕಾದದ್ದನ್ನೆಲ್ಲ ಪೆನ್‌ಡ್ರೈವಿನಲ್ಲಿ ಒಯ್ಯುವುದು ನನ್ನ ರೂಢಿ.

ಯೋಜನೆ ಸರಳವಾದದ್ದು: ವಿದ್ಯಾರ್ಥಿಗಳ ಅಂಕಗಳನ್ನು ಕೂಡಿಸಿ, ಶೇಕಡಾವಾರು ತೆಗೆದು, ಪಿಡಿಎಫ್ ಅಂಕಪಟ್ಟಿ ಮಾಡುವ ಪ್ರೋಗ್ರಾಮು. ಕೆಲಸವನ್ನು ಮೂರು ಗುಂಪುಗಳಿಗೆ ಹಂಚಿ, ಮೂರು ಪ್ರಾಜೆಕ್ಟ್‌ಗಳಾಗಿ ಕಟ್ಟಿದೆವು. ‘ಲೆಕ್ಕ’ ಎಂಬುದು ಒಟ್ಟು ಅಂಕ ಮತ್ತು ಶೇಕಡಾವಾರು ತೆಗೆಯುತ್ತದೆ. ‘ಮುದ್ರಣ’ ಎಂಬುದು ಪಿಡಿಎಫ್ ಬರೆಯುತ್ತದೆ. ‘ಅಂಕಪಟ್ಟಿ’ ಎಂಬುದು ಇವೆರಡನ್ನೂ ಕರೆದು ಕೆಲಸ ಮಾಡಿಸುವ ಮುಖ್ಯ ಪ್ರಾಜೆಕ್ಟ್. ಮೂರನ್ನೂ ಒಂದೇ ಬಿಲ್ಡ್‌ನಲ್ಲಿ ಜೋಡಿಸಲು ಗ್ರೇಡಲ್ ಎಂಬ ಉಪಕರಣ ಬಳಸಿದೆ. ಪಿಡಿಎಫ್ ಬರೆಯಲು ಮುದ್ರಣ ಗುಂಪು ಅಪಾಚೆ ಪಿಡಿಎಫ್‌ಬಾಕ್ಸ್ ಲೈಬ್ರರಿಯ ಎರಡನೆಯ ಆವೃತ್ತಿಯನ್ನು ಬಳಸಿತು. ಅದರಲ್ಲಿ ಸುಲಭವಾಗಿ ಸಿಗುವ ಹೆಲ್ವೆಟಿಕಾ ಅಕ್ಷರಶೈಲಿಯಲ್ಲಿ ಕನ್ನಡ ಲಿಪಿ ಇಲ್ಲದ್ದರಿಂದ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದರು.

ಕಲಿಕಾ ಫಲಗಳು

ಪಾಠ ಯೋಜನೆಯಲ್ಲಿ ನಾನು ಬರೆದಿದ್ದ ಫಲಗಳು ಇವು. ವಿದ್ಯಾರ್ಥಿಯು:

1. ನೇರ ಅವಲಂಬನೆ ಮತ್ತು ಪರೋಕ್ಷ ಅವಲಂಬನೆಗಳ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ಹೇಳುವನು.
2. ಬಿಲ್ಡ್ ಯಶಸ್ವಿಯಾದರೂ ಪ್ರೋಗ್ರಾಮು ಓಡದಿರಲು ಕಾರಣ ವಿವರಿಸುವನು.
3. ದೋಷ ಸಂದೇಶ ಓದಿ, ಕಾಣೆಯಾದ ಲೈಬ್ರರಿ ಯಾವುದು, ಅದು ಯಾರಿಗೆ ಬೇಕು ಎಂದು ಗುರುತಿಸುವನು.
4. ದೋಷವನ್ನು ಸರಿಯಾದ ಪ್ರಾಜೆಕ್ಟಿನಲ್ಲಿ ತಿದ್ದುವನು.

ಮೊದಲ ಶನಿವಾರ ಇವುಗಳಲ್ಲಿ ಒಂದೂ ಈಡೇರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಅಂದು ನನ್ನ ಯೋಜನೆಯಲ್ಲಿದ್ದದ್ದು ಬರೀ ‘ಮೂರು ಪ್ರಾಜೆಕ್ಟ್ ಜೋಡಿಸಿ ಓಡಿಸುವುದು’. ಮೇಲಿನ ಫಲಗಳನ್ನು ಬರೆದದ್ದು ಎರಡನೆಯ ಪಾಠಕ್ಕೆ.

ಮೊದಲ ಪಾಠ: ನಡೆದದ್ದು

ನನ್ನ ಲ್ಯಾಪ್‌ಟಾಪಿನಲ್ಲಿ ಹಿಂದಿನ ರಾತ್ರಿ ಎಲ್ಲವೂ ಸರಿಯಾಗಿ ಓಡಿತ್ತು. ಪ್ರಯೋಗಾಲಯದಲ್ಲಿ ಬಿಲ್ಡ್ ಮಾಡಿದಾಗ ‘ಬಿಲ್ಡ್ ಸಕ್ಸೆಸ್‌ಫುಲ್’ ಎಂದು ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ಓಡಿಸಿದಾಗ ತೆರೆಯ ತುಂಬ ಕೆಂಪು ಸಾಲುಗಳು. ಮೊದಲ ಸಾಲು: ‘ನೋ ಕ್ಲಾಸ್ ಡೆಫ್ ಫೌಂಡ್ ಎರರ್’, ಅದರ ಮುಂದೆ ಅಪಾಚೆ ಕಾಮನ್ಸ್ ಲಾಗಿಂಗ್‌ನ ‘ಲಾಗ್‌ಫ್ಯಾಕ್ಟರಿ’ ಎಂಬ ಹೆಸರು. ಅದರ ಕೆಳಗೆ ಪಿಡಿಎಫ್‌ಬಾಕ್ಸ್‌ನ ಒಳಗಿನ ಒಂದು ಕ್ಲಾಸು. ಅದರ ಕೆಳಗೆ ಮುದ್ರಣ ಗುಂಪಿನವರು ಬರೆದ ಕ್ಲಾಸಿನ ಹೆಸರು ಮತ್ತು ಸಾಲಿನ ಸಂಖ್ಯೆ.

ಇಡೀ ತೆರೆಯಲ್ಲಿ ಮಕ್ಕಳಿಗೆ ಪರಿಚಯವಿದ್ದ ಹೆಸರು ಆ ಕೊನೆಯದೊಂದೇ. ಹಾಗಾಗಿ ಎಲ್ಲರ ಕಣ್ಣು ಆ ಗುಂಪಿನ ಕಡೆ ತಿರುಗಿತು. ಆ ಸಾಲು ಬರೆದ ವಿದ್ಯಾರ್ಥಿನಿ, “ತಪ್ಪು ನಂದ ಐತ್ರಿ ಸರ, ತಡೀರಿ, ತಿದ್ದತೀನಿ” ಎಂದು ಕುಳಿತಳು. ನಾನು ಇನ್ನೊಂದು ಕಂಪ್ಯೂಟರಿನಲ್ಲಿ ಕಾರಣ ಹುಡುಕುತ್ತಿದ್ದೆ. ನಲವತ್ತು ನಿಮಿಷದ ಮೇಲೆ ಅವಳ ಹತ್ತಿರ ಹೋದಾಗ, ಸರಿಯಾಗಿದ್ದ ತನ್ನ ಇಡೀ ಫಂಕ್ಷನ್ನನ್ನು ಅಳಿಸಿ ಮೂರನೆಯ ಬಾರಿಗೆ ಬೇರೆ ರೀತಿಯಲ್ಲಿ ಬರೆಯುತ್ತಿದ್ದಳು. ದೋಷ ಮಾತ್ರ ಅದೇ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಸರ, ನಿಮ್ಮ ಲ್ಯಾಪ್‌ಟಾಪಿನ್ಯಾಗ ಓಡತೈತಿ, ನಮ್ಮದರಾಗ ಯಾಕ ಓಡಂಗಿಲ್ಲ? ನಮ್ಮವು ಹಳೇ ಕಂಪ್ಯೂಟರ್ ಅಂತ ಏನ್ರಿ?” ಗಂಟೆ ಹೊಡೆಯಿತು. “ಮುಂದಿನ ವಾರ ನೋಡೋಣ” ಎಂದು ಹೇಳಿ ಎದ್ದೆ. ನನ್ನ ಬಳಿ ಉತ್ತರ ಇರಲಿಲ್ಲ.

ತಪ್ಪು ಅವಳದಾಗಿರಲಿಲ್ಲ, ಹಳೆಯ ಕಂಪ್ಯೂಟರುಗಳದೂ ಆಗಿರಲಿಲ್ಲ. ತಪ್ಪು ನನ್ನದು. ಮನೆಗೆ ಬಂದು ಹುಡುಕಿದಾಗ ಸಿಕ್ಕ ಕಾರಣ ಹೀಗಿತ್ತು.

ದೋಷದ ಬೇರು

ಪಿಡಿಎಫ್‌ಬಾಕ್ಸ್ ಒಂದೇ ನಿಂತ ಲೈಬ್ರರಿಯಲ್ಲ. ಅಕ್ಷರಶೈಲಿಗಳನ್ನು ಓದಲು ಅದಕ್ಕೆ ಫಾಂಟ್‌ಬಾಕ್ಸ್ ಬೇಕು. ಒಳಗಿನ ಘಟನೆಗಳನ್ನು ದಾಖಲಿಸಲು ಕಾಮನ್ಸ್ ಲಾಗಿಂಗ್ ಬೇಕು. ನಮ್ಮ ಮುದ್ರಣ ಪ್ರಾಜೆಕ್ಟು ಹೆಸರು ಹಿಡಿದು ಕರೆಯುವುದು ಪಿಡಿಎಫ್‌ಬಾಕ್ಸನ್ನು ಮಾತ್ರ. ಅದು ನೇರ ಅವಲಂಬನೆ. ಉಳಿದೆರಡನ್ನು ನಾವು ಎಲ್ಲಿಯೂ ಬರೆದಿಲ್ಲ, ಆದರೂ ಅವಿಲ್ಲದೆ ಓಡದು. ಅವು ಪರೋಕ್ಷ ಅವಲಂಬನೆಗಳು. ಅಂಕಪಟ್ಟಿ ಪ್ರಾಜೆಕ್ಟಿನಿಂದ ನೋಡಿದರೆ ಪಿಡಿಎಫ್‌ಬಾಕ್ಸ್ ಕೂಡ ಪರೋಕ್ಷವೇ, ಉಳಿದೆರಡು ಇನ್ನೂ ಒಂದು ಮೆಟ್ಟಿಲು ಆಚೆಗಿನವು.

ನನ್ನ ಬಿಲ್ಡ್ ಕಡತದಲ್ಲಿ ‘ಲಿಬ್ ಫೋಲ್ಡರಿನಲ್ಲಿರುವ ಎಲ್ಲ ಜಾರ್ ಕಡತಗಳನ್ನೂ ಬಳಸು’ ಎಂದು ಬರೆದಿದ್ದೆ. ಹಿಂದೆ ಎಂದೋ ಮಾಡಿದ ಕೆಲಸದಿಂದಾಗಿ ನನ್ನ ಲ್ಯಾಪ್‌ಟಾಪಿನ ಆ ಫೋಲ್ಡರಿನಲ್ಲಿ ಮೂರೂ ಜಾರ್‌ಗಳಿದ್ದವು. ಪೆನ್‌ಡ್ರೈವಿಗೆ ಹಾಕುವಾಗ, ‘ನಾವು ಬಳಸುವುದು ಪಿಡಿಎಫ್‌ಬಾಕ್ಸ್ ಒಂದೇ’ ಎಂದುಕೊಂಡು ಒಂದನ್ನೇ ಹಾಕಿದೆ. ಬಿಲ್ಡ್ ಕಡತ ಮಾತ್ರ ಏನೂ ದೂರಲಿಲ್ಲ. ಫೋಲ್ಡರಿನಲ್ಲಿ ಏನಿದೆಯೋ ಅದೇ ಅದಕ್ಕೆ ಪ್ರಮಾಣ. ಏನು ಇರಬೇಕಿತ್ತು ಎಂಬ ಪಟ್ಟಿ ಅದರ ಬಳಿ ಇಲ್ಲ.

ಹಾಗಾದರೆ ಬಿಲ್ಡ್ ಏಕೆ ಯಶಸ್ವಿಯಾಯಿತು? ಜಾವಾ ಕಂಪೈಲರ್ ನಮ್ಮ ಮೂಲ ಕೋಡನ್ನು ಪರೀಕ್ಷಿಸುತ್ತದೆ. ನಾವು ಕರೆದ ಕ್ಲಾಸು ಇದೆಯೇ, ಫಂಕ್ಷನ್ ಇದೆಯೇ ಎಂದು ನೋಡುತ್ತದೆ. ಪಿಡಿಎಫ್‌ಬಾಕ್ಸ್ ಆಗಲೇ ಕಂಪೈಲ್ ಆಗಿ ಬಂದದ್ದು. ಅದರ ಹೊಟ್ಟೆಯೊಳಗೆ ಯಾರನ್ನು ಕರೆಯಲಾಗಿದೆ ಎಂದು ಕಂಪೈಲರ್ ಅಗೆದು ನೋಡುವುದಿಲ್ಲ. ಪ್ರೋಗ್ರಾಮು ಓಡುವಾಗ ಜಾವಾ ಯಂತ್ರವು ಕ್ಲಾಸುಗಳನ್ನು ಬೇಕಾದಾಗ ಮಾತ್ರ ತರುತ್ತದೆ. ಪಿಡಿಎಫ್ ದಾಖಲೆಯ ಕ್ಲಾಸನ್ನು ಮೊದಲ ಸಲ ಮುಟ್ಟಿದ ಕ್ಷಣದಲ್ಲಿ ಅದು ಲಾಗ್‌ಫ್ಯಾಕ್ಟರಿಯನ್ನು ಕೇಳಿತು; ಇರಲಿಲ್ಲ, ಬಿತ್ತು. ಅದನ್ನು ಮುಟ್ಟಿದ ಕೈ ಆ ಹುಡುಗಿಯ ಕೋಡಿನದಾದ್ದರಿಂದ ಅವಳ ಹೆಸರಿನ ಸಾಲು ತೆರೆಯ ಮೇಲೆ ಬಂತು.

ಎರಡನೆಯ ಪಾಠ

ಹಂತ 1: ಪ್ರೇರಣೆ. ಮೊದಲಿಗೆ ತರಗತಿಯ ಎದುರು ನಡೆದದ್ದನ್ನು ನಡೆದಂತೆ ಹೇಳಿದೆ: ಹೋದ ವಾರದ ದೋಷ ಮುದ್ರಣ ಗುಂಪಿನದಲ್ಲ, ನಾನು ತಂದ ಪೆನ್‌ಡ್ರೈವಿನದು. ಆಮೇಲೆ ಹಲಗೆಯ ಮೇಲೆ ಒಂದು ಹೊಲ ಬರೆದೆ. “ಹೊಲಕ್ಕ ನೀರು ಬಂದಿಲ್ಲ. ಎಲ್ಲಿ ನೋಡತೀರಿ?” ನವಲಗುಂದದ ಮಕ್ಕಳಿಗೆ ಇದು ಮನೆಯ ಮಾತು. ಹೊಲಗಾಲುವೆ, ಅದರ ಹಿಂದೆ ಉಪಕಾಲುವೆ, ಅದರ ಹಿಂದೆ ಮಲಪ್ರಭಾ ಮುಖ್ಯ ಕಾಲುವೆ, ಅದರ ಹಿಂದೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಅಣೆಕಟ್ಟು ಎಂದು ಅವರೇ ಹೇಳುತ್ತ ಹೋದರು, ನಾನು ಬಾಣ ಹಾಕುತ್ತ ಹೋದೆ. “ಟೇಲ್‌ಎಂಡ್‌ನಾಗ ಇದ್ದವ ತನ್ನ ಹೊಲದ ತೂಬು ಎಷ್ಟು ಸಲ ತೆಗದು ಹಾಕಿದರ ಏನ ಬರತೈತ್ರಿ, ಮ್ಯಾಲ ನೀರ ಬಿಟ್ಟಿರೋದಿಲ್ಲ” ಎಂದ ಒಬ್ಬ. ಅಂದಿನ ಪಾಠದ ಅರ್ಧ ಅವನೇ ಹೇಳಿದ್ದ. ತೂಬು ತೆಗೆದು ಹಾಕುವುದೆಂದರೆ ಸರಿಯಿದ್ದ ಕೋಡನ್ನು ಅಳಿಸಿ ಬರೆಯುವುದು.

ಹೋಲಿಕೆಯ ಮಿತಿಯನ್ನೂ ಹೇಳಿದೆ. ನೀರು ಒಬ್ಬ ಬಳಸಿದರೆ ಇನ್ನೊಬ್ಬನಿಗೆ ಕಡಿಮೆಯಾಗುತ್ತದೆ. ಲೈಬ್ರರಿ ಹಾಗಲ್ಲ, ಎಷ್ಟು ಪ್ರಾಜೆಕ್ಟುಗಳು ಬಳಸಿದರೂ ಸವೆಯದು. ಹೋಲಿಕೆಯಿಂದ ನಮಗೆ ಬೇಕಾದದ್ದು ಸರಪಳಿಯ ಆಕಾರ ಮಾತ್ರ.

ಹಂತ 2: ಚೀಟಿಯ ಆಟ. ಐದು ವಿದ್ಯಾರ್ಥಿಗಳ ಕೈಗೆ ಐದು ಹೆಸರು ಬರೆದ ರಟ್ಟು ಕೊಟ್ಟೆ: ಅಂಕಪಟ್ಟಿ, ಮುದ್ರಣ, ಪಿಡಿಎಫ್‌ಬಾಕ್ಸ್, ಫಾಂಟ್‌ಬಾಕ್ಸ್, ಕಾಮನ್ಸ್ ಲಾಗಿಂಗ್. ಪ್ರತಿಯೊಬ್ಬರ ರಟ್ಟಿನ ಹಿಂದೆ ‘ನನಗೆ ನೇರವಾಗಿ ಬೇಕಾದವರು’ ಎಂಬ ಪಟ್ಟಿ ಇತ್ತು. ನಿಯಮ ಒಂದೇ: ತನ್ನ ಪಟ್ಟಿಯಲ್ಲಿದ್ದವರನ್ನು ಮಾತ್ರ ಕರೆಯಬಹುದು. ಅಂಕಪಟ್ಟಿ ಮುದ್ರಣವನ್ನು ಕರೆಯಿತು, ಮುದ್ರಣ ಪಿಡಿಎಫ್‌ಬಾಕ್ಸನ್ನು, ಅದು ಉಳಿದಿಬ್ಬರನ್ನು. ಐದೂ ಜನ ಸಾಲಾಗಿ ನಿಂತರು. ಆಮೇಲೆ ಪಿಡಿಎಫ್‌ಬಾಕ್ಸ್‌ನ ಪಟ್ಟಿಯನ್ನು ಕಿತ್ತುಕೊಂಡು ಆಟ ಮತ್ತೆ ಆಡಿಸಿದೆ. ಮೂರೇ ಜನ ಬಂದರು, ಯಾರಿಗೂ ಏನೂ ತಪ್ಪೆನಿಸಲಿಲ್ಲ. “ಯಾರೂ ಬೈಲಿಲ್ಲ, ಆದರ ಇಬ್ಬರು ಕಮ್ಮಿ ಅದಾರ” ಎಂದರು ಮಕ್ಕಳು. ಜಾರ್ ಕಡತವನ್ನು ಬರಿಗೈಯಲ್ಲಿ ತಂದರೆ ಆಗುವುದು ಇದೇ. ಪಟ್ಟಿ ಇರುವುದು ಜಾರ್‌ನ ಜೊತೆ ಪ್ರಕಟವಾಗುವ ಪಿಒಎಂ ಎಂಬ ಇನ್ನೊಂದು ಕಡತದಲ್ಲಿ. ಜಾರ್ ಒಂದನ್ನೇ ನಕಲಿಸಿದಾಗ ಪಟ್ಟಿ ಹಿಂದೆ ಉಳಿಯುತ್ತದೆ.

ಹಂತ 3: ತಪ್ಪು ಪರಿಹಾರವನ್ನು ಮಾಡಿ ನೋಡುವುದು. ಉತ್ತರವನ್ನು ಕೂಡಲೇ ಕೊಡಲಿಲ್ಲ. ಕಾಣೆಯಾದ ಕಾಮನ್ಸ್ ಲಾಗಿಂಗ್ ಜಾರ್ ಕೊಟ್ಟು, ದೋಷ ಕಂಡ ಅಂಕಪಟ್ಟಿ ಪ್ರಾಜೆಕ್ಟಿನ ಫೋಲ್ಡರಿಗೆ ಹಾಕಿಸಿ, ಅದನ್ನು ಅದರ ಬಿಲ್ಡ್ ಕಡತದಲ್ಲೂ ಬರೆಸಿದೆ. ಆ ದೋಷ ಹೋಯಿತು, ಹೊಸ ದೋಷ ಬಂತು: ಈಗ ಫಾಂಟ್‌ಬಾಕ್ಸ್ ಇಲ್ಲ. ಅದನ್ನೂ ಹಾಕಿದರು, ಓಡಿತು. ಎಲ್ಲರಿಗೂ ಸಮಾಧಾನ. ಆಗ ‘ಸೂಚನಾಪತ್ರ’ ಎಂಬ ನಾಲ್ಕನೆಯ ಪುಟ್ಟ ಪ್ರಾಜೆಕ್ಟನ್ನು ಸೇರಿಸಿದೆ. ಅದೂ ಮುದ್ರಣವನ್ನೇ ಬಳಸುತ್ತದೆ. ಓಡಿಸಿದರೆ ಮತ್ತೆ ಅದೇ ಹಳೆಯ ದೋಷ.

ಇಲ್ಲಿ ನಿಲ್ಲಿಸಿ ಕೇಳಿದೆ: “ಫಾಂಟ್‌ಬಾಕ್ಸ್ ಯಾರಿಗೆ ಬೇಕಾಗಿತ್ತು? ನಾವು ಯಾರ ಮನಿಯಾಗ ತಂದಿಟ್ಟಿವಿ?” ಚರ್ಚೆ ಹತ್ತು ನಿಮಿಷ ನಡೆಯಿತು. ಕೊನೆಗೆ ಮಕ್ಕಳ ಮಾತಿನಲ್ಲೇ ಹಲಗೆಯ ಮೇಲೆ ಬರೆದ ನಿಯಮ ಇದು: ಬೇಕಾದವರ ಮನೆಯಲ್ಲೇ ಬರೆದಿಡಬೇಕು, ದೋಷ ಕಂಡವರ ಮನೆಯಲ್ಲಿ ಅಲ್ಲ. ತಪ್ಪು ಪರಿಹಾರಕ್ಕೆ ಕೊಟ್ಟ ಈ ಇಪ್ಪತ್ತು ನಿಮಿಷ ವ್ಯರ್ಥವಾಗಲಿಲ್ಲ. ತೇಪೆ ಹಾಕಿದ್ದು ಕೆಲಸ ಮಾಡಿದ್ದನ್ನೂ ಅದು ಏಕೆ ಸಾಲದು ಎಂಬುದನ್ನೂ ಅವರು ಕಣ್ಣಾರೆ ಕಂಡರು.

ಹಂತ 4: ಸರಿಯಾದ ಪರಿಹಾರ. ಮುದ್ರಣ ಪ್ರಾಜೆಕ್ಟಿನ ಬಿಲ್ಡ್ ಕಡತದಿಂದ ‘ಫೋಲ್ಡರಿನಲ್ಲಿರುವುದೆಲ್ಲ’ ಎಂಬ ಸಾಲನ್ನು ತೆಗೆದು, ಪಿಡಿಎಫ್‌ಬಾಕ್ಸನ್ನು ಗುಂಪು, ಹೆಸರು, ಆವೃತ್ತಿ ಎಂಬ ಮೂರು ಭಾಗದ ಪೂರ್ಣ ವಿಳಾಸದೊಂದಿಗೆ ಬರೆದೆವು. ಹೀಗೆ ಬರೆದಾಗ ಗ್ರೇಡಲ್ ಭಂಡಾರಕ್ಕೆ ಹೋಗಿ ಜಾರ್ ಜೊತೆಗೆ ಪಿಒಎಂ ಕಡತವನ್ನೂ ಓದುತ್ತದೆ, ಅದರಲ್ಲಿದ್ದ ಪಟ್ಟಿಯಂತೆ ಉಳಿದವನ್ನು ತರುತ್ತದೆ, ಅವುಗಳ ಪಟ್ಟಿಯನ್ನೂ ಓದುತ್ತದೆ. ಮುದ್ರಣವನ್ನು ಬಳಸುವ ಯಾವ ಪ್ರಾಜೆಕ್ಟಿಗಾದರೂ ಓಡುವಾಗ ಇವೆಲ್ಲ ತಾನಾಗಿ ಸಿಗುತ್ತವೆ.

ಅಂತರ್ಜಾಲ ಇಲ್ಲದಲ್ಲಿ ಭಂಡಾರ ಎಲ್ಲಿಂದ ಬರಬೇಕು? ಇದು ನಮ್ಮ ಭಾಗದ ಬಹಳ ಶಾಲೆಗಳ ಪ್ರಶ್ನೆ. ನಾನು ಮಾಡಿದ್ದು: ಅಂತರ್ಜಾಲ ಇದ್ದಾಗ ನನ್ನ ಲ್ಯಾಪ್‌ಟಾಪಿನಲ್ಲಿ ಮೇವನ್ ಉಪಕರಣದಿಂದ ಈ ಲೈಬ್ರರಿಯನ್ನು ಒಮ್ಮೆ ತರಿಸಿಕೊಂಡೆ. ಮೇವನ್ ತಾನು ತಂದದ್ದನ್ನೆಲ್ಲ ಸ್ಥಳೀಯ ಭಂಡಾರದ ಫೋಲ್ಡರಿನಲ್ಲಿ ವಿಳಾಸದ ಕ್ರಮದಲ್ಲೇ ಜೋಡಿಸಿ ಇಡುತ್ತದೆ. ಆ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ನಕಲಿಸಿ, ಬಿಲ್ಡ್ ಕಡತದಲ್ಲಿ ಅದನ್ನೇ ಭಂಡಾರವೆಂದು ತೋರಿಸಿದೆ. ‘ಇಡಿಯಾಗಿ’ ಎಂಬ ಮಾತು ಮುಖ್ಯ. ಜಾರ್‌ಗಳನ್ನು ಆರಿಸಿ ನಕಲಿಸಿದರೆ ಪಿಒಎಂ ಉಳಿದುಬಿಡುತ್ತದೆ. ಪಿಡಿಎಫ್‌ಬಾಕ್ಸ್‌ನ ಪಿಒಎಂ ತನ್ನ ಮಾಹಿತಿಯ ಒಂದು ಭಾಗವನ್ನು ತನ್ನ ಪಿತೃ ಪಿಒಎಂನಿಂದ ಪಡೆಯುತ್ತದೆ, ಆ ಪಿತೃವಿಗೆ ಇನ್ನೊಂದು ಪಿತೃ ಇದೆ. ಪಟ್ಟಿಗೂ ಪರೋಕ್ಷ ಅವಲಂಬನೆ ಉಂಟು.

ಹಂತ 5: ಮರ ನೋಡುವುದು. ಗ್ರೇಡಲ್‌ನಲ್ಲಿ ‘ಡಿಪೆಂಡೆನ್ಸೀಸ್’ ಎಂಬ ಆಜ್ಞೆ ಕೊಟ್ಟರೆ ಇಡೀ ಅವಲಂಬನೆಯ ಮರ ತೆರೆಯ ಮೇಲೆ ಬರುತ್ತದೆ. ಓಡುವಾಗಿನ ಮರ, ಕಂಪೈಲ್ ಆಗುವಾಗಿನ ಮರ ಎರಡನ್ನೂ ಬೇರೆ ಬೇರೆ ಕೇಳಬಹುದು. ಮಕ್ಕಳು ತಾವು ರಟ್ಟು ಹಿಡಿದು ನಿಂತ ಸಾಲನ್ನೇ ತೆರೆಯ ಮೇಲೆ ಕಂಡರು. ಒಂದು ಲೈಬ್ರರಿ ಯಾರ ಮೂಲಕ ಬಂತು ಎಂದು ತಿಳಿಯಲು ‘ಡಿಪೆಂಡೆನ್ಸಿ ಇನ್‌ಸೈಟ್’ ಎಂಬ ಇನ್ನೊಂದು ಆಜ್ಞೆ ಇದೆ. ಅದು ಕೆಳಗಿನಿಂದ ಮೇಲಕ್ಕೆ ದಾರಿ ತೋರಿಸುತ್ತದೆ. ಗಮನಿಸಬೇಕಾದ ಒಂದು ಮಾತು: ಫೋಲ್ಡರಿನಿಂದ ಬರಿಗೈಯಲ್ಲಿ ಸೇರಿಸಿದ ಜಾರ್‌ಗಳು ಈ ಮರದಲ್ಲಿ ಕಾಣಿಸುವುದೇ ಇಲ್ಲ. ಮೊದಲ ಶನಿವಾರ ನಾನು ಮರ ನೋಡಿದ್ದರೂ ಏನೂ ಸಿಗುತ್ತಿರಲಿಲ್ಲ.

ಹಂತ 6: ಗೋಡೆಯ ಒಳಗೆ, ಗೋಡೆಯ ಹೊರಗೆ. ಕೊನೆಯ ಹಂತದಲ್ಲಿ ಬೇರೆ ಬಗೆಯ ದೋಷವೊಂದನ್ನು ಬೇಕೆಂದೇ ತಂದೆ. ಮುದ್ರಣದ ಫಂಕ್ಷನ್ನು ಪಿಡಿಎಫ್‌ಬಾಕ್ಸ್‌ನ ದಾಖಲೆಯ ಆಬ್ಜೆಕ್ಟನ್ನೇ ಹಿಂದಿರುಗಿಸುವಂತೆ ಬದಲಿಸಿ, ಅಂಕಪಟ್ಟಿಯಲ್ಲಿ ಅದನ್ನು ಬಳಸಿದೆವು. ಈ ಸಲ ಓಡುವ ಮೊದಲೇ, ಕಂಪೈಲ್ ಆಗುವಾಗಲೇ ಅಂಕಪಟ್ಟಿ ಬಿತ್ತು. ಕಾರಣ, ಗ್ರೇಡಲ್‌ನಲ್ಲಿ ಅವಲಂಬನೆಯನ್ನು ಎರಡು ರೀತಿ ಬರೆಯಬಹುದು. ‘ಇಂಪ್ಲಿಮೆಂಟೇಶನ್’ ಎಂದು ಬರೆದರೆ ಅದು ನನ್ನ ಮನೆಯ ಒಳಗಿನ ಮಾತು: ನನ್ನನ್ನು ಬಳಸುವವರಿಗೆ ಓಡುವಾಗ ಸಿಗುತ್ತದೆ, ಕಂಪೈಲ್ ಆಗುವಾಗ ಕಾಣಿಸುವುದಿಲ್ಲ. ‘ಎಪಿಐ’ ಎಂದು ಬರೆದರೆ ಅದು ನಾನು ಊರಿಗೆ ತೋರಿಸುವ ಮುಖದ ಭಾಗ: ಬಳಸುವವರಿಗೆ ಎರಡೂ ಹೊತ್ತು ಸಿಗುತ್ತದೆ. ಈ ವಿಂಗಡಣೆ 2017ರಲ್ಲಿ ಗ್ರೇಡಲ್‌ನ 3.4ನೆಯ ಆವೃತ್ತಿಯಲ್ಲಿ ಜಾವಾ ಲೈಬ್ರರಿ ಪ್ಲಗಿನ್ ಜೊತೆ ಬಂತು. ಎರಡೂ ಒಂದೇ ಆಗಿದ್ದ ಹಳೆಯ ‘ಕಂಪೈಲ್’ ಎಂಬ ಬರಹವನ್ನು 2021ರ ಏಳನೆಯ ಆವೃತ್ತಿಯಲ್ಲಿ ಕೈಬಿಟ್ಟರು.

ತಿದ್ದಲು ಎರಡು ದಾರಿ: ಪಿಡಿಎಫ್‌ಬಾಕ್ಸನ್ನು ಎಪಿಐ ಎಂದು ಬರೆಯುವುದು, ಇಲ್ಲವೇ ಆ ಆಬ್ಜೆಕ್ಟನ್ನು ಹೊರಗೆ ಬಿಡದೆ ಬರೀ ಕಡತದ ಹೆಸರನ್ನು ಹಿಂದಿರುಗಿಸುವುದು. ಯಾವುದು ಒಳ್ಳೆಯದು ಎಂದು ಕೇಳಿದಾಗ ಉತ್ತರ ಬಂದದ್ದು ಮೊದಲ ವಾರ ಕೋಡು ಅಳಿಸಿದ ಆ ವಿದ್ಯಾರ್ಥಿನಿಯಿಂದ: “ಎರಡನೇದು ಸರ. ನಾಳೆ ನಾ ಬ್ಯಾರೆ ಲೈಬ್ರರಿ ಹಾಕಿಕೊಂಡರ ಅವರಿಗೇನೂ ತ್ರಾಸ ಆಗಬಾರದು.” ಅದಕ್ಕಿಂತ ಚೆನ್ನಾಗಿ ನಾನು ಹೇಳುತ್ತಿರಲಿಲ್ಲ.

ಪೂರಕ ವಿಷಯ: ಬೇರೆ ಉಪಕರಣಗಳಲ್ಲಿ

ಕಂಪ್ಯೂಟರ್ ಬೋಧಿಸುವವರಿಗಾಗಿ ಸಂಕ್ಷಿಪ್ತವಾಗಿ. ಮೇವನ್‌ನಲ್ಲೂ ಪರೋಕ್ಷ ಅವಲಂಬನೆಗಳು ಪಿಒಎಂ ಮೂಲಕವೇ ಬರುತ್ತವೆ. ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಎದುರಾದಾಗ ಮೇವನ್ ಮರದಲ್ಲಿ ಹತ್ತಿರ ಇರುವುದನ್ನು ಆರಿಸುತ್ತದೆ, ಗ್ರೇಡಲ್ ಸಾಮಾನ್ಯವಾಗಿ ದೊಡ್ಡ ಆವೃತ್ತಿಯನ್ನು ಆರಿಸುತ್ತದೆ. ಪಿಒಎಂನಲ್ಲಿ ಐಚ್ಛಿಕ ಎಂದು ಗುರುತಿಸಿದವು ತಾನಾಗಿ ಬರುವುದಿಲ್ಲ. ಬೇಕಿದ್ದರೆ ನಾವೇ ಬರೆಯಬೇಕು. ಡಾಟ್‌ನೆಟ್‌ನ ಹಳೆಯ ಮಾದರಿಯ ಪ್ರಾಜೆಕ್ಟುಗಳಲ್ಲಿ, ಕೋಡು ನೇರವಾಗಿ ಬಳಸದ ಲೈಬ್ರರಿಯ ಉಲ್ಲೇಖವನ್ನು ಕಂಪೈಲರ್ ಬಿಟ್ಟುಬಿಡುವುದರಿಂದ, ಅದು ಮುಖ್ಯ ಪ್ರಾಜೆಕ್ಟಿನ ಫೋಲ್ಡರಿಗೆ ನಕಲಾಗದೆ ಓಡುವಾಗ ಕಾಣೆಯಾಗುವುದುಂಟು. ಪ್ಯಾಕೇಜ್ ರೆಫರೆನ್ಸ್ ವಿಧಾನದಲ್ಲಿ ಬರೆದರೆ ಪರೋಕ್ಷವಾದವೂ ಹರಿದು ಬರುತ್ತವೆ. ಸಿ ಪ್ಲಸ್ ಪ್ಲಸ್‌ಗೆ ಬಳಸುವ ಸಿಮೇಕ್‌ನಲ್ಲಿ ಪಬ್ಲಿಕ್, ಪ್ರೈವೇಟ್, ಇಂಟರ್‌ಫೇಸ್ ಎಂಬ ಪದಗಳು ಹೆಚ್ಚು ಕಡಿಮೆ ಇದೇ ಗೋಡೆಯ ಒಳಗು ಹೊರಗನ್ನು ಹೇಳುತ್ತವೆ.

ಇದು ತರಗತಿಯ ಪುಟ್ಟ ತೊಂದರೆಯಷ್ಟೇ ಅಲ್ಲ ಎಂದು ತೋರಿಸಲು ಎರಡು ಘಟನೆಗಳನ್ನು ಹೇಳಿದೆ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹತ್ತಾರು ಸಾಲಿನ ತುಣುಕನ್ನು ಅದರ ಕರ್ತೃ ಎನ್‌ಪಿಎಂ ಭಂಡಾರದಿಂದ ತೆಗೆದಾಗ, ಅದರ ಹೆಸರನ್ನೇ ಕೇಳದ ಅನೇಕರ ಬಿಲ್ಡ್‌ಗಳು ಜಗತ್ತಿನಾದ್ಯಂತ ನಿಂತುಹೋದವು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಲೈಬ್ರರಿಯ ಗಂಭೀರ ಭದ್ರತಾ ಲೋಪ ಬಯಲಾದಾಗ, ಹಲವು ಸಂಸ್ಥೆಗಳಿಗೆ ಎದುರಾದ ಮೊದಲ ಪ್ರಶ್ನೆ ‘ಅದು ನಮ್ಮಲ್ಲಿ ಇದೆಯೇ’ ಎಂಬುದು. ತಾವು ನೇರವಾಗಿ ಬರೆಯದಿದ್ದರೂ ಇನ್ಯಾವುದೋ ಲೈಬ್ರರಿಯ ಬೆನ್ನ ಹಿಂದೆ ಅದು ಬಂದು ಕುಳಿತಿರಬಹುದಿತ್ತು. ಮರ ನೋಡುವ ಅಭ್ಯಾಸ ಇದ್ದವರು ಬೇಗ ಉತ್ತರ ಕಂಡರು.

ಮೌಲ್ಯಮಾಪನ

ಪಾಠದ ಕೊನೆಗೆ ಕೇಳಿದ ಪ್ರಶ್ನೆಗಳು:

1. ನಿಮ್ಮ ಪ್ರಾಜೆಕ್ಟಿನ ಒಂದು ನೇರ ಮತ್ತು ಒಂದು ಪರೋಕ್ಷ ಅವಲಂಬನೆಯನ್ನು ಹೆಸರಿಸಿ.
2. ಬಿಲ್ಡ್ ಯಶಸ್ವಿಯಾಗಿ, ಓಡುವಾಗ ಬಿದ್ದರೆ ಮೊದಲು ಏನನ್ನು ಸಂಶಯಿಸುವಿರಿ? ಏಕೆ?
3. ಕಾಣೆಯಾದ ಜಾರ್ ಅನ್ನು ಮುಖ್ಯ ಪ್ರಾಜೆಕ್ಟಿಗೆ ಹಾಕಿದರೆ ಆಗುವ ಒಂದು ಲಾಭ, ಒಂದು ನಷ್ಟ ಬರೆಯಿರಿ.
4. ಕೊಟ್ಟಿರುವ ದೋಷ ಸಂದೇಶದಲ್ಲಿ ಕಾಣೆಯಾದ ಕ್ಲಾಸು, ಅದನ್ನು ಕೇಳಿದ ಕ್ಲಾಸು, ನಿಮ್ಮ ಕ್ಲಾಸು ಈ ಮೂರನ್ನು ಬೇರೆ ಬೇರೆ ಬಣ್ಣದಲ್ಲಿ ಗೆರೆ ಎಳೆದು ಗುರುತಿಸಿ.

ಮೊದಲ ಮೂರು ಪ್ರಶ್ನೆಗಳಿಗೆ ಬಹುತೇಕರು ಸರಿಯಾಗಿ ಉತ್ತರಿಸಿದರು. ನಾಲ್ಕನೆಯದರಲ್ಲಿ ಕೆಲವರು ಇನ್ನೂ ತಮ್ಮ ಕ್ಲಾಸಿನ ಸಾಲನ್ನೇ ‘ದೋಷ ಇರುವ ಜಾಗ’ ಎಂದು ಗುರುತಿಸಿದ್ದರು. ಹೆಸರು ಕಂಡಲ್ಲಿ ತಪ್ಪು ಕಾಣುವ ರೂಢಿ ಒಂದು ಪಾಠದಲ್ಲಿ ಹೋಗುವಂಥದ್ದಲ್ಲ. ಈ ಪ್ರಶ್ನೆಯನ್ನು ಮುಂದಿನ ಎರಡು ಶನಿವಾರ ಬೇರೆ ಬೇರೆ ದೋಷ ಸಂದೇಶಗಳೊಂದಿಗೆ ಮತ್ತೆ ಕೊಟ್ಟೆ.

ವೀಕ್ಷಕರ ಟಿಪ್ಪಣಿ

ನನ್ನ ಮಾರ್ಗದರ್ಶಕ ಉಪನ್ಯಾಸಕರು ಎರಡೂ ಪಾಠಗಳನ್ನು ನೋಡಿದ್ದರು. ಮೊದಲ ಪಾಠದ ಬಗ್ಗೆ ಅವರ ಆಕ್ಷೇಪ ತಾಂತ್ರಿಕವಾಗಿರಲಿಲ್ಲ. ದೋಷ ಬಂದದ್ದು ದೊಡ್ಡ ಮಾತಲ್ಲ, ದೋಷ ಬಂದ ಮೇಲೆ ನೀವು ವಿದ್ಯಾರ್ಥಿಗಳಿಗೆ ಬೆನ್ನು ಹಾಕಿ ಒಬ್ಬರೇ ಹುಡುಕಿದಿರಿ, ಹುಡುಕುವ ದಾರಿಯೇ ಪಾಠವಾಗಬಹುದಿತ್ತು ಎಂಬುದು ಅವರ ಮಾತಿನ ಸಾರ. ಎರಡನೆಯ ಪಾಠದಲ್ಲಿ ಆರನೆಯ ಹಂತ ಹೆಚ್ಚಾಯಿತು, ಅದಕ್ಕೆ ಬೇರೆ ಅವಧಿ ಬೇಕಿತ್ತು ಎಂದರು. ಎರಡೂ ಒಪ್ಪುವ ಮಾತು.

ಆತ್ಮಾವಲೋಕನ

ಆ ನಲವತ್ತು ನಿಮಿಷ ನನ್ನನ್ನು ಈಗಲೂ ಕಾಡುತ್ತದೆ. ಸರಿಯಾಗಿ ಬರೆದಿದ್ದ ಒಬ್ಬ ವಿದ್ಯಾರ್ಥಿನಿ, ಯಾರೂ ಹೇಳದೆಯೇ ತಪ್ಪು ತನ್ನದೆಂದು ಒಪ್ಪಿಕೊಂಡು ತನ್ನ ಕೆಲಸವನ್ನು ತಾನೇ ಅಳಿಸಿದಳು. ಕಂಪ್ಯೂಟರಿನ ತೆರೆ ಅವಳ ಹೆಸರು ತೋರಿಸಿತು, ತರಗತಿ ಅವಳ ಕಡೆ ನೋಡಿತು, ಶಿಕ್ಷಕ ಸುಮ್ಮನಿದ್ದ. ಅಷ್ಟು ಸಾಕಾಯಿತು. ಅಳಿಸಿದ ಕೋಡಿನ ಪ್ರತಿ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಎರಡನೆಯ ಶನಿವಾರ ಅದನ್ನೇ, ಒಂದಕ್ಷರ ಬದಲಿಸದೆ, ಓಡಿಸಿ ತೋರಿಸಿದೆ.

ಅದೇ ತಿಂಗಳು ಎಂಟನೆಯ ತರಗತಿಗೆ ಗಣಿತ ಪಾಠ ತೆಗೆದುಕೊಳ್ಳುವಾಗ ಒಬ್ಬ ಹುಡುಗ ಶೇಕಡಾವಾರಿನ ಲೆಕ್ಕಗಳನ್ನು ಸಾಲಾಗಿ ತಪ್ಪು ಮಾಡುತ್ತಿದ್ದ. ಮೊದಲಾಗಿದ್ದರೆ ಶೇಕಡಾವಾರನ್ನೇ ಮತ್ತೊಮ್ಮೆ, ಇನ್ನೊಮ್ಮೆ ಹೇಳಿಕೊಡುತ್ತಿದ್ದೆ. ಈ ಸಲ ಹಾಳೆಯ ಮೇಲೆ ಮರ ಬರೆದೆ: ಶೇಕಡಾವಾರಿಗೆ ಭಿನ್ನರಾಶಿ ಬೇಕು, ಭಿನ್ನರಾಶಿಗೆ ಭಾಗಾಕಾರ ಬೇಕು, ಭಾಗಾಕಾರಕ್ಕೆ ಸ್ಥಾನಬೆಲೆ ಬೇಕು. ಒಂದೊಂದಕ್ಕೂ ಒಂದೊಂದು ಚಿಕ್ಕ ಲೆಕ್ಕ ಕೊಟ್ಟು ಕೆಳಗಿಳಿದೆ. ಅವನು ಶೇಕಡಾವಾರನ್ನು ಚೆನ್ನಾಗಿಯೇ ಅರ್ಥಮಾಡಿಕೊಂಡಿದ್ದ. ಭಾಗಾಕಾರದಲ್ಲಿ ನಡುವೆ ಸೊನ್ನೆ ಬರಬೇಕಾದಲ್ಲಿ ಅದನ್ನು ಬಿಡುತ್ತಿದ್ದ. ಎರಡು ದಿನ ಅಷ್ಟನ್ನೇ ಮಾಡಿಸಿದೆ, ಶೇಕಡಾವಾರು ತಾನಾಗಿ ಸರಿಯಾಯಿತು.

ನಮ್ಮ ಪಾಠ ಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಅಂಕಣವಿದೆ. ಅದರಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ನೇರ ಅವಲಂಬನೆಯನ್ನು ಮಾತ್ರ: ಹಿಂದಿನ ಪಾಠದ ಹೆಸರು. ಅದರ ಹಿಂದಿನದು, ಅದರ ಹಿಂದಿನದು ನಮ್ಮ ತಲೆಯಲ್ಲಿ ಇದ್ದೇ ಇದೆ ಎಂಬ ಕಾರಣಕ್ಕೆ ಕಾಗದದ ಮೇಲೆ ಬರುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಮೂರೂ ಜಾರ್ ಇದ್ದಂತೆ. ಮಕ್ಕಳ ಬಳಿ ಅವು ಇಲ್ಲದಿದ್ದಾಗ ದೋಷ ಕಾಣುವುದು ಇಂದಿನ ಪಾಠದಲ್ಲಿ, ಹೆಸರು ಬರುವುದು ಮಗುವಿನದು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಒಂದು, ಪ್ರಾತ್ಯಕ್ಷಿಕೆಯನ್ನು ನಿಮ್ಮ ಯಂತ್ರದಲ್ಲಿ ಪರೀಕ್ಷಿಸಿದರೆ ಸಾಲದು. ಏನೂ ಇಲ್ಲದ ಬರಿ ಯಂತ್ರದಲ್ಲಿ, ಸಾಧ್ಯವಾದರೆ ಅದೇ ಪ್ರಯೋಗಾಲಯದಲ್ಲಿ, ಹಿಂದಿನ ದಿನವೇ ಓಡಿಸಿ ನೋಡಿ. ಎರಡು, ದೋಷ ಬಂದಾಗ ಮೊದಲ ಸಾಲನ್ನು ತರಗತಿಯ ಎದುರು ಗಟ್ಟಿಯಾಗಿ ಓದಿ. ಒಂದೇ ಓಟದಲ್ಲಿ ಅದೇ ಕ್ಲಾಸನ್ನು ಮತ್ತೆ ಮುಟ್ಟಿದರೆ ‘ಕುಡ್ ನಾಟ್ ಇನಿಶಿಯಲೈಸ್ ಕ್ಲಾಸ್’ ಎಂಬ ಬೇರೆ ಸಂದೇಶ ಬರುತ್ತದೆ. ಮೂಲ ಕಾರಣ ಮೊದಲನೆಯದರಲ್ಲೇ ಇರುತ್ತದೆ. ಮೂರು, ‘ಪೂರ್ವಜ್ಞಾನ’ ಅಂಕ­ಣದಲ್ಲಿ ಕನಿಷ್ಠ ಮೂರು ಮೆಟ್ಟಿಲು ಕೆಳಗಿನವರೆಗೆ ಬರೆಯಿರಿ. ನಾಲ್ಕು, ಕಾರಣ ಗೊತ್ತಾಗುವವರೆಗೆ, “ತಪ್ಪು ಎಲ್ಲಿದೆಯೋ ಗೊತ್ತಿಲ್ಲ, ಯಾರೂ ಏನನ್ನೂ ಅಳಿಸಬೇಡಿ” ಎಂದು ಹೇಳಿ. ಮೊದಲ ಶನಿವಾರ ನಾನು ಇದೊಂದು ವಾಕ್ಯ ಹೇಳಿದ್ದರೆ ಸಾಕಿತ್ತು.